ಕೆರೆಯೂ ಸಂತಾನವೂ: ಯೋಗಕ್ಷೇಮದೃಷ್ಟಿಯಿಂದ ಮೂರು ಕೃತಿಗಳ ವಿಮರ್ಶೆ

೧. ವಿಷಯೋಪಕ್ರಮ

ದೇಶದ ಸಂಪತ್ತು ಬೆಳೆಯಬೇಕು, ಸಮಾಜವು ಏಳಿಗೆ ಹೊಂದಬೇಕು, ಆದರೆ ಇವೆರಡಕ್ಕೂ ಆಧಾರವಾದ ನೆಲ ಜಲ ಅರಣ್ಯಗಳು ಮುಂದಿನ ಪೀಳಿಗೆಯವರಿಗೆ ಕೆಡದೆ ಉಳಿಯಬೇಕು ಎಂಬ ವಿಚಾರವು ಈಗ ರಾಜನೀತಿಜ್ಞರ ಸಭೆಗಳಿಂದ ಮೊದಲಾಗಿ ಬಾಲಕರ ಪಠ್ಯಪುಸ್ತಕಗಳವರೆಗೆ ವ್ಯಾಪಿಸಿರುವುದಷ್ಟೆ. ೧೯೮೭ರಲ್ಲಿ ನಾರ್ವೆ ದೇಶದ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯಲ್ಲಿದ್ದ ವಿಶ್ವ ಆಯೋಗವು ಇದಕ್ಕೊಂದು ಲಕ್ಷಣವನ್ನು ಹೇಳಿತು: ಮುಂದೆ ಬರುವವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸರಿಯಾದ ಅಭಿವೃದ್ಧಿ ಎಂಬುದು ಅದರ ತಾತ್ಪರ್ಯ. ೨೦೧೫ರಲ್ಲಿ ವಿಶ್ವಸಂಸ್ಥೆಯು ಇದನ್ನೇ ೧೭ ಗುರಿಗಳಾಗಿ ವಿಂಗಡಿಸಿ, ೨೦೩೦ನ್ನು ಅವಧಿಯಾಗಿ ನಿಯಮಿಸಿತು. ಕನ್ನಡದಲ್ಲಿ ಇದಕ್ಕೆ 'ಸುಸ್ಥಿರ ಅಭಿವೃದ್ಧಿ' ಎಂಬ ಹೆಸರು ರೂಢಿಯಾಗಿದೆ.

ಈ ವಿಚಾರವು ಹೊರಗಿನಿಂದ ಬಂದುದಲ್ಲ, ಪೂರ್ವಿಕರ ಶಾಸನಗಳಲ್ಲಿಯೂ ಹಾಡುಗಳಲ್ಲಿಯೂ ಇದು ಸಮಗ್ರವಾಗಿ ಅಡಗಿದೆ ಎಂಬ ಮಾತನ್ನು ಸಾಹಿತ್ಯಗೋಷ್ಠಿಗಳಲ್ಲಿ ಆಗಾಗ ಕೇಳಬಹುದು. ಕೆರೆಯ ಶಾಸನವೊಂದನ್ನು ಓದಿ ಪೂರ್ವಿಕರ ಪ್ರಜ್ಞೆಯನ್ನು ಕೊಂಡಾಡುವುದೂ, 'ಕೆರೆಗೆ ಹಾರ'ವನ್ನು ಓದಿ ತ್ಯಾಗವನ್ನು ಕೊಂಡಾಡುವುದೂ ವಾಡಿಕೆಯಾಗಿದೆ. ಈ ಪೂರ್ವಪಕ್ಷದಲ್ಲಿ ಸತ್ಯಾಂಶವಿದೆ. ಆದರೆ ಅದು ಅರ್ಧಸತ್ಯ. ಸ್ತುತಿಯಿಂದ ಗ್ರಂಥದ ಅರ್ಥ ನಿರ್ಣಯವಾಗದು. ಆದಕಾರಣ ಕೆರೆಕಟ್ಟೆಗಳನ್ನೇ ವಸ್ತುವಾಗುಳ್ಳ ಮೂರು ಕೃತಿಗಳನ್ನು, ಅಂದರೆ ಪೋರುಮಾಮಿಳ್ಳದ ಶಾಸನ, 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆ, ನಾ. ಡಿಸೋಜರ 'ದ್ವೀಪ' ಎಂಬ ಕಾದಂಬರಿ ಇವುಗಳನ್ನು ಒಟ್ಟಿಗಿಟ್ಟು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಬ್ದವಿಚಾರ

ಮೊದಲು ಶಬ್ದವನ್ನು ವಿಚಾರಿಸತಕ್ಕದ್ದು. 'ಸುಸ್ಥಿರ' ಎಂಬ ವಿಶೇಷಣವು ಅಲುಗಾಡದ, ಕದಲದ ವಸ್ತುವನ್ನು ಹೇಳುತ್ತದೆ. 'ಅಭಿವೃದ್ಧಿ' ಎಂಬುದು ಎಲ್ಲ ಕಡೆಯಿಂದಲೂ ಬೆಳೆಯುವುದನ್ನು ಹೇಳುತ್ತದೆ. ಕದಲದಿರುವುದು ಬೆಳೆಯುವುದು ಹೇಗೆ ಎಂಬ ಶಂಕೆ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಹುಟ್ಟುತ್ತದೆ. ಅಲ್ಲದೆ ಈ ಪದವು ಏನನ್ನು ಉಳಿಸಬೇಕು, ಯಾರು ಉಳಿಸಬೇಕು ಎಂಬುದನ್ನು ಸೂಚಿಸುವುದಿಲ್ಲ. ಬೆಳವಣಿಗೆಯೇ ನಿರಂತರವಾಗಿರಬೇಕೆಂಬ ವಿಪರೀತಾರ್ಥಕ್ಕೂ ಅದು ಎಡೆಗೊಡುತ್ತದೆ.

ಇದಕ್ಕೆ ಬದಲಾಗಿ ಭಾಷೆಯಲ್ಲಿ ಮೊದಲಿನಿಂದಲೂ ಇರುವ 'ಯೋಗಕ್ಷೇಮ' ಎಂಬ ಪದವನ್ನು ನೋಡಬಹುದು. ದೊರೆಯದಿದ್ದುದನ್ನು ಪಡೆಯುವುದು ಯೋಗ, ದೊರೆತುದನ್ನು ಕಾಪಾಡುವುದು ಕ್ಷೇಮ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಈಗ ಪತ್ರಗಳಲ್ಲಿ ಕುಶಲಪ್ರಶ್ನೆಗೆ ಮಾತ್ರ ಇಳಿದಿರುವ ಈ ಪದವು ಅರ್ಥಶಾಸ್ತ್ರದಲ್ಲಿ ರಾಜಧರ್ಮದ ಪರಿಭಾಷೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿ ಕೆರೆಕಟ್ಟೆಗಳಿಗೆ ಸಂಬಂಧಿಸಿದ ಒಂದು ನಿಯಮವಿದೆ. ಹೊಸದಾಗಿ ಕೆರೆ ಕಟ್ಟಿದವರಿಗೆ ಐದು ವರ್ಷಗಳ ತೆರಿಗೆಯ ವಿನಾಯಿತಿ. ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ. ಕಳೆ ಬೆಳೆದು ಮುಚ್ಚಿಹೋದುದನ್ನು ತೆರವುಗೊಳಿಸಿದವರಿಗೆ ಮೂರು ವರ್ಷ. ಹೊಸದನ್ನು ಕಟ್ಟುವುದು ಯೋಗ, ಹಳೆಯದನ್ನು ಕಾಯುವುದು ಕ್ಷೇಮ. ಎರಡಕ್ಕೂ ಫಲವುಂಟು, ಆದರೆ ಕ್ಷೇಮದ ಫಲವು ಯೋಗದ ಫಲಕ್ಕಿಂತ ಸ್ವಲ್ಪ ಕಡಿಮೆ ಎಂಬುದನ್ನೂ ಗಮನಿಸಬೇಕು. ಕಟ್ಟಿದವನಿಗೆ ಸಲ್ಲುವ ಕೀರ್ತಿ ಕಾಪಾಡಿದವನಿಗೆ ಸಲ್ಲದೆಂಬ ಲೋಕಸ್ಥಿತಿ ಅಂದಿನಿಂದಲೂ ಇದೆ.

ಎರಡನೆಯ ಪದ 'ಸಂತಾನ'. ಮಗ, ಕೆರೆ, ನಿಧಿ, ಅಗ್ರಹಾರ, ದೇವಾಲಯ, ಕಾವ್ಯ, ವನ ಇವು ಸಪ್ತಸಂತಾನಗಳೆಂದು ಶಾಸನಸಂಪ್ರದಾಯದಲ್ಲಿ ಪ್ರಸಿದ್ಧವಾಗಿವೆ. ಧಾತ್ವರ್ಥವನ್ನು ನೋಡಿದರೆ ಮುಂದಕ್ಕೆ ಹರಡುವುದೇ ಸಂತಾನ. ಮಗನೂ ಕೆರೆಯೂ ಒಂದೇ ಪಟ್ಟಿಯಲ್ಲಿರುವುದು ಆಕಸ್ಮಿಕವಲ್ಲ. ಎರಡೂ ಕಟ್ಟಿದವನ ಕಾಲವನ್ನು ಮೀರಿ ನಿಲ್ಲತಕ್ಕವು. ಮುಂದಿನ ಪೀಳಿಗೆಯ ಹಿತವೆಂದು ಈಗ ಹೇಳುವ ವಿಷಯವು ಈ ಪದದಲ್ಲಿ ಬೀಜರೂಪವಾಗಿದೆ. ಈ ಎರಡು ಪದಗಳನ್ನು ಒರೆಗಲ್ಲಾಗಿಟ್ಟುಕೊಂಡು ಕೃತಿಗಳನ್ನು ಪರೀಕ್ಷಿಸಬಹುದು.

೩. ಪೋರುಮಾಮಿಳ್ಳದ ಶಾಸನ

ಈಗಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಶಕವರ್ಷ ೧೨೯೧ರ, ಎಂದರೆ ಕ್ರಿ. ಶ. ೧೩೬೯ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು, ಎಂದರೆ ಭವದೂರನು, ಅಲ್ಲಿ ಕಟ್ಟಿಸಿದ ಕೆರೆಯ ವಿಚಾರವನ್ನು ಅದು ಹೇಳುತ್ತದೆ. ದಾನಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ವಂಶಾವಳಿ ಪ್ರಶಸ್ತಿಗಳ ಜೊತೆಗೆ ಇದರಲ್ಲಿ ತಟಾಕನಿರ್ಮಾಣದ ಶಾಸ್ತ್ರವೇ ಸಂಗ್ರಹವಾಗಿ ಬಂದಿರುವುದು ವಿಶೇಷ.

ಕೆರೆಗೆ ಹನ್ನೆರಡು ಸಾಧನಗಳು ಬೇಕೆಂದು ಶಾಸನ ಎಣಿಸುತ್ತದೆ. ಧರ್ಮಿಷ್ಠನೂ ಧನಿಕನೂ ಆದ ದೊರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ಮಣ್ಣಿನ ನೆಲ, ಸಿಹಿನೀರಿನ ನದಿ, ಆಸರೆಯಾದ ಬೆಟ್ಟ, ಅತಿ ಉದ್ದವಲ್ಲದ ದೃಢವಾದ ಕಲ್ಲಿನ ಕಟ್ಟೆ, ವಿಶಾಲವೂ ಆಳವೂ ಆದ ಒಡಲು, ಹತ್ತಿರದಲ್ಲೇ ಒಳ್ಳೆಯ ಕಲ್ಲಿನ ಗಣಿ, ಸಮತಲವಾದ ಫಲವತ್ತಾದ ಹೊಲಗಳು, ನಿರ್ಮಾಣದಲ್ಲಿ ನುರಿತ ಜನರ ತಂಡ ಮೊದಲಾದವು ಅವುಗಳಲ್ಲಿ ಸೇರಿವೆ. ಬಳಿಕ ಆರು ದೋಷಗಳನ್ನು ಹೇಳಿದೆ. ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಅಲ್ಪವಾಗಿ ನೆಲ ಅಧಿಕವಾಗಿರುವುದು, ನೀರು ಅಧಿಕವಾಗಿ ನೆಲ ಅಲ್ಪವಾಗಿರುವುದು.

ಈ ದೋಷವಿಭಾಗವು ಸೂಕ್ಷ್ಮದೃಷ್ಟಿಯಿಂದ ಕೂಡಿದೆ. ಕೊನೆಯ ಎರಡು ದೋಷಗಳು ಒಂದೇ ತತ್ತ್ವದ ಎರಡು ಮುಖಗಳು: ನೀರಿಗೂ ನೆಲಕ್ಕೂ ಪ್ರಮಾಣ ತಪ್ಪಬಾರದು. ಮೂರನೆಯದಾದ ಗಡಿಯ ದೋಷವು ಮಣ್ಣಿಗೂ ನೀರಿಗೂ ಸಂಬಂಧಿಸಿದುದಲ್ಲ, ಮನುಷ್ಯರ ಕಲಹಕ್ಕೆ ಸಂಬಂಧಿಸಿದುದು. ನದೀಜಲವ್ಯಾಜ್ಯಗಳನ್ನು ಕಂಡಿರುವ ಈಗಿನ ವಾಚಕರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ಹೀಗೆ ಪ್ರಕೃತಿ, ಆರ್ಥಿಕ ಫಲ, ಸಮಾಜ ಈ ಮೂರೂ ಒಂದೇ ಎಣಿಕೆಯೊಳಗೆ ಬಂದಿವೆಯೆಂದು ಪೂರ್ವಪಕ್ಷಿಗಳು ಹೇಳುವುದು ನ್ಯಾಯವೇ ಆಗಿದೆ.

ಆದರೆ ಶಾಸನವು ಏನನ್ನು ಹೇಳುವುದಿಲ್ಲವೆಂಬುದನ್ನೂ ನೋಡಬೇಕು. ದಿನವೂ ಒಂದು ಸಾವಿರ ಕೂಲಿಗಳು ದುಡಿದರು, ನೂರು ಬಂಡಿಗಳು ಓಡಾಡಿದವು, ಕೆಲಸಕ್ಕೆ ಎರಡು ವರ್ಷ ಹಿಡಿಯಿತು ಎಂದು ಅದರಲ್ಲಿದೆ. ದೊರೆಗೆ ಹೆಸರೂ ವಂಶವೂ ಉಂಟು. ಆ ಸಾವಿರ ಮಂದಿ ಬರಿಯ ಸಂಖ್ಯೆಯಾಗಿ ಉಳಿದಿದ್ದಾರೆ. ಕೆರೆಯ ಒಡಲು ವಿಶಾಲವಾಗಿರಬೇಕೆಂದು ಸಾಧನಗಳಲ್ಲಿ ಹೇಳಿದೆ. ಆ ಒಡಲಿನ ನೆಲದಲ್ಲಿ ಮೊದಲು ಯಾರಾದರೂ ಉತ್ತು ಬಿತ್ತುತ್ತಿದ್ದರೆ ಅವರ ಗತಿಯೇನೆಂಬ ಪ್ರಶ್ನೆ ಹನ್ನೆರಡು ಸಾಧನಗಳಲ್ಲಿಯೂ ಇಲ್ಲ, ಆರು ದೋಷಗಳಲ್ಲಿಯೂ ಇಲ್ಲ. ಇದು ಶಾಸನಕವಿಯ ಅಪರಾಧವಲ್ಲ. ಪ್ರಶಸ್ತಿಯ ಪ್ರಯೋಜನವು ಕರ್ತೃವಿನ ಕೀರ್ತಿ. ಆ ಜಾತಿಯ ಬರೆಹವು ತನ್ನ ಕೆಲಸವನ್ನು ಮಾಡಿದೆ. ಅದನ್ನೇ ಸಮಗ್ರ ಪ್ರಮಾಣವೆಂದು ಹಿಡಿಯುವುದು ಓದುವವರ ಅಪರಾಧ.

ಕನ್ನಡನಾಡಿನ ಶಾಸನಗಳು ಕ್ಷೇಮದ ಅಂಶವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಕೆರೆಯ ರಕ್ಷಣೆಗಾಗಿ ಬಿಟ್ಟ ಬಿತ್ತುವಟ್ಟ, ಕಟ್ಟಿದವರಿಗೂ ಕಾಯುವವರಿಗೂ ಬಿಟ್ಟ ಕಟ್ಟುಗೊಡಗೆ ಕೆರೆಗೊಡಗೆಗಳು, ಹೂಳೆತ್ತುವ ಬಂಡಿಗೆಂದು ಬಿಟ್ಟ ಭೂಮಿ ಇವೆಲ್ಲವೂ ಕೆರೆಯು ಕಟ್ಟಿದ ದಿನಕ್ಕೆ ಮುಗಿಯುವ ಕೆಲಸವಲ್ಲವೆಂಬುದನ್ನು ತೋರಿಸುತ್ತವೆ. ಶಾಸನಾಂತ್ಯದ ಶ್ಲೋಕಗಳಲ್ಲಿ, ದಾನಕ್ಕಿಂತಲೂ ದಾನವನ್ನು ಪಾಲಿಸುವುದು ಮೇಲೆಂದು ಮುಂದೆ ಬರುವ ಅರಸರನ್ನು ಕುರಿತು ಬೇಡಿಕೊಳ್ಳುವುದು ರೂಢಿ. ಇನ್ನೂ ಹುಟ್ಟದವರನ್ನು ಕುರಿತು ನೇರವಾಗಿ ಮಾತನಾಡುವ ಈ ಪದ್ಧತಿಯು ನಿಜವಾಗಿಯೂ ಗೌರವಾರ್ಹವಾದುದು. ಆದರೆ ಅಲ್ಲಿಯೂ ಬೇಡಿಕೆಯು ಮುಂದಿನ ಅರಸರಿಗೆ, ಮುಂದಿನ ಪ್ರಜೆಗಳಿಗಲ್ಲ. ಬೇಡಿಕೆಯ ಬೆನ್ನಿಗೇ ಶಾಪವಿದೆ. ಕಸಿದುಕೊಳ್ಳುವವರು ಇದ್ದರೆಂಬುದಕ್ಕೆ ಆ ಶಾಪವೇ ಸಾಕ್ಷಿ.

೪. 'ಕೆರೆಗೆ ಹಾರ'

ಶಾಸನವು ಹೇಳದೆ ಬಿಟ್ಟುದನ್ನು ಉತ್ತರಕರ್ನಾಟಕದ ಹೆಂಗಸರ ಬಾಯಲ್ಲಿ ಉಳಿದುಬಂದ ಹಾಡು ಹೇಳುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಗೆ ತೆಗೆಸಿ ಕೇಳಿದಾಗ ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದು ತಿಳಿಯುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುವರೆಂದು ಕಿರಿಯ ಸೊಸೆ ಭಾಗೀರಥಿಯನ್ನು ಗೊತ್ತುಮಾಡುತ್ತಾರೆ. ಅವಳು ತವರಿಗೆ ಹೋಗಿ ನಿಜವನ್ನು ಮರೆಮಾಚಿ, ಗೆಳತಿಗೆ ಮಾತ್ರ ಹೇಳಿ ಹಿಂದಿರುಗುತ್ತಾಳೆ. ಪೂಜೆ ಮುಗಿಸಿ ಬರುವಾಗ ಬಂಗಾರದ ಬಟ್ಟಲು ಮರೆತಿದೆಯೆಂದು ಅವಳನ್ನೇ ಹಿಂದಕ್ಕೆ ಕಳುಹಿಸುತ್ತಾರೆ. ಒಂದೊಂದು ಮೆಟ್ಟಿಲಿಗೆ ನೀರು ಒಂದೊಂದು ಅಂಗವನ್ನು ಮುಟ್ಟುತ್ತಾ ಏರಿ ಅವಳನ್ನು ಮುಳುಗಿಸುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಬಂದು, ನಿಜ ತಿಳಿದು, ಅದೇ ಕೆರೆಗೆ ಹಾರುತ್ತಾನೆ.

ಈ ಹಾಡು ಲೋಕಹಿತಕ್ಕಾಗಿ ಮಾಡಿದ ಆತ್ಮಾರ್ಪಣೆಯನ್ನು ಸ್ತುತಿಸುತ್ತದೆ ಎಂಬುದು ಒಂದು ಪಕ್ಷ. ಗ್ರಂಥತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿಗಳೆಂಬ ಆರು ಲಿಂಗಗಳನ್ನು ಹೇಳಿದ್ದಾರಷ್ಟೆ. ಇವುಗಳಲ್ಲಿ ಕೆಲವನ್ನು ಇಲ್ಲಿ ಅನ್ವಯಿಸಿದರೂ ಆ ಪಕ್ಷ ನಿಲ್ಲುವುದಿಲ್ಲ.

ಉಪಕ್ರಮವು ನೀರಿಲ್ಲದ ಕೆರೆ. ಉಪಸಂಹಾರವು ನೀರು ತುಂಬಿದ ಕೆರೆಯ ಸಂತೋಷವಲ್ಲ, ಗಂಡನ ಸಾವು. ಊರಿನ ಬೆಳೆ ಹುಲುಸಾಯಿತೆಂಬ ಫಲಶ್ರುತಿಗೆ ಹಾಡು ಹೋಗುವುದೇ ಇಲ್ಲ. ಸ್ತುತಿಯು ಉದ್ದೇಶವಾಗಿದ್ದರೆ ಫಲಶ್ರುತಿ ಇಲ್ಲದಿರುವುದು ಹೇಗೆ? ಅಭ್ಯಾಸವನ್ನು, ಎಂದರೆ ಪುನರುಕ್ತಿಯನ್ನು, ನೋಡಿದರೆ ಹಾಡು ಮತ್ತೆ ಮತ್ತೆ ನಿಲ್ಲುವುದು ಎರಡು ಕಡೆ: ಅವಳನ್ನು ಪ್ರಶ್ನಿಸುವವರ ಮುಂದೆ ಅವಳು ದುಃಖವನ್ನು ಮುಚ್ಚಿಡುವಲ್ಲಿ, ಮತ್ತು ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವಲ್ಲಿ. ಕೆರೆಗೆ ನೀರು ಬರುವ ಕ್ಷಣವೂ ಹುಡುಗಿ ಮುಳುಗುವ ಕ್ಷಣವೂ ಒಂದೇ ಅಳತೆಗೋಲಿನಿಂದ ಅಳೆಯಲ್ಪಟ್ಟಿವೆ. ಬಂಗಾರದ ಬಟ್ಟಲಿನ ನೆಪವನ್ನು ಒಡ್ಡಿ ಅವಳನ್ನು ಕಳುಹಿಸಿದರೆಂಬುದರಿಂದಲೇ, ಅರ್ಪಣೆ ಅವಳದಲ್ಲ, ಮನೆಯವರದು ಎಂಬುದು ಸಿದ್ಧವಾಗುತ್ತದೆ. 'ಹಾರ' ಎಂಬ ಪದವೂ ಇಲ್ಲಿ ಎರಡು ಕಡೆಗೆ ಬಾಯಿ ತೆರೆದಿದೆ: ಊರಿನ ಬಾಯಲ್ಲಿ ಅದು ಅಲಂಕಾರ, ಕೆರೆಯ ಬಾಯಲ್ಲಿ ಆಹಾರ.

ಈಗ ಶಾಸನವನ್ನು ಹಾಡಿನ ಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಅರ್ಥ ಹೊರಡುತ್ತದೆ. ಕಟ್ಟಿದ ಕೆರೆಗೆ ನೀರು ಬಾರದಿರುವುದು ಶಾಸ್ತ್ರದೃಷ್ಟಿಯಿಂದ ಸ್ಥಳದ ದೋಷ. ಅಲ್ಪಜಲವೆಂದು ಆರು ದೋಷಗಳಲ್ಲಿ ಅದು ಎಣಿಕೆಯಾಗಿದೆ. ಶಾಸನದ ವಿದ್ವಾಂಸನು ಮಣ್ಣನ್ನೂ ನದಿಯನ್ನೂ ನೋಡತಕ್ಕವನು. ಹಾಡಿನಲ್ಲಿ ನೋಡಿದುದು ಹೊತ್ತಗೆಯನ್ನು ಮಾತ್ರ. ಕಟ್ಟಿಸಿದವರ ಎಣಿಕೆ ತಪ್ಪಿತು. ಪ್ರಾಯಶ್ಚಿತ್ತವು ಎಣಿಕೆಯಲ್ಲಿ ಪಾಲಿಲ್ಲದ ಕಿರಿಯ ಸೊಸೆಯ ಮೇಲೆ ಬಿದ್ದಿತು. ಸಪ್ತಸಂತಾನಗಳ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಸಂತಾನವನ್ನು ಉಳಿಸಿಕೊಳ್ಳುವುದಕ್ಕಾಗಿ ಮತ್ತೊಂದು ಸಂತಾನದ ಬೇರನ್ನೇ ಕಡಿದರು. ಕೆರೆ ತುಂಬಿತು, ಅದರ ನೀರನ್ನು ಮುಂದೆ ಕುಡಿಯಬೇಕಾಗಿದ್ದ ಆ ದಂಪತಿಗಳ ಮಕ್ಕಳು ಹುಟ್ಟಲೇ ಇಲ್ಲ. ಮುಂದಿನವರ ಹೆಸರಿನಲ್ಲಿ ಮುಂದಿನವರನ್ನೇ ಕಳೆದುಕೊಳ್ಳುವ ಈ ವಿಪರ್ಯಾಸವೇ ಹಾಡಿನ ತಾತ್ಪರ್ಯವೆಂದು ಹೇಳಬೇಕಾಗುತ್ತದೆ.

೫. 'ದ್ವೀಪ'

ಶಾಸ್ತ್ರವು ತಪ್ಪಿದ್ದರಿಂದ ಹೀಗಾಯಿತು, ಶಾಸ್ತ್ರವು ಸರಿಯಾಗಿದ್ದರೆ ಈ ದುಃಖವಿಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಅದಕ್ಕೆ ಉತ್ತರವಾಗಿ ಮೂರನೆಯ ಕೃತಿ ನಿಂತಿದೆ.

ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಪೂರ್ಣವಾಯಿತು. ಇದಕ್ಕೆ ಹಿಂದೆ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೂ ಇದರ ನೀರಿನಲ್ಲಿ ಮುಳುಗಿತು. ನಿರ್ಮಾಣಶಾಸ್ತ್ರದ ದೃಷ್ಟಿಯಿಂದ ಇಲ್ಲಿ ದೋಷವೇನೂ ಕಾಣದು: ನೀರು ಬಂದಿತು, ಕಟ್ಟೆ ನಿಂತಿತು, ೧೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯಿತು. ನಾಡಿನ ಕಾರ್ಖಾನೆಗಳಿಗೂ ಮನೆಗಳಿಗೂ ದೊರೆತ ಬೆಳಕನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಇದು ನಿಜವಾದ ಯೋಗ.

ಸಾಗರದವರಾದ, ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದ, ೨೦೨೫ರ ಜನವರಿಯಲ್ಲಿ ದಿವಂಗತರಾದ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಮೊದಲಾದ ಕಾದಂಬರಿಗಳಲ್ಲಿ ಈ ಯೋಗದ ಇನ್ನೊಂದು ಬದಿಯನ್ನು ಚಿತ್ರಿಸಿದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿ ಮಾಡಿದ್ದು, ಅದಕ್ಕೆ ರಾಷ್ಟ್ರೀಯ ಸ್ವರ್ಣಕಮಲ ದೊರೆತುದು ವಿದಿತವೇ ಆಗಿದೆ. ಗಣಪಯ್ಯ ನಾಗವೇಣಿಯರ ಮನೆಯಿರುವ ಸೀತಾಪರ್ವತದ ಸುತ್ತ ನೀರು ಏರುತ್ತದೆ. ಪರಿಹಾರದ ಹಣಕ್ಕಾಗಿ ಕಾಯುತ್ತಿರುವಾಗಲೇ ಬೆಟ್ಟವು ದ್ವೀಪವಾಗುತ್ತದೆ. ಭಾಗೀರಥಿಯ ಮೆಟ್ಟಿಲುಗಳೇ ಇಲ್ಲಿ ಬೆಟ್ಟದ ಇಳಿಜಾರಾಗಿವೆ. ಇಲ್ಲಿಯೂ ಏರುವ ನೀರನ್ನು ಅಂಗಳದ ಅಳತೆಯಲ್ಲಿ ನೋಡಬೇಕಾದವಳು ಮನೆಯ ಸೊಸೆ.

ಕಾದಂಬರಿಯ ಶಕ್ತಿಯು ಅದರ ಸಂಯಮದಲ್ಲಿದೆ. ಅಣೆಕಟ್ಟನ್ನು ಅದು ರಾಕ್ಷಸನನ್ನಾಗಿ ಮಾಡುವುದಿಲ್ಲ. ಅಧಿಕಾರಿಯ ಕಡತದಲ್ಲಿ ಒಂದು ಅಂಕೆಯಾಗುವ ನೆಲವು, ಉಳುವವನಿಗೆ ಪೂರ್ವಿಕರೂ ದೇವರೂ ಮಕ್ಕಳೂ ಆಗಿರುತ್ತದೆಯೆಂಬುದನ್ನು ತೋರಿಸುವುದಕ್ಕೆ ಅದು ತೃಪ್ತವಾಗಿದೆ. ಪೋರುಮಾಮಿಳ್ಳದ ಸಾವಿರ ಕೂಲಿಗಳಿಗೆ ಇಲ್ಲದ ಹೆಸರು ಇಲ್ಲಿ ಮುಳುಗಡೆಯವರಿಗೆ ದೊರೆತಿದೆ. ಇದು ಸಾಹಿತ್ಯದಿಂದ ಮಾತ್ರ ಆಗತಕ್ಕ ನ್ಯಾಯ. ಕೃತಿಯ ಮಿತಿಯೂ ಇದರಿಂದಲೇ ಹುಟ್ಟುತ್ತದೆ. ಒಂದು ಮನೆಯ ಕಥೆಯಾದ್ದರಿಂದ ಕಣಿವೆಯ ಕಾಡು, ಮೃಗಗಳು, ಸ್ವಂತ ಭೂಮಿಯಿಲ್ಲದೆ ಪರಿಹಾರಕ್ಕೂ ಹಕ್ಕಿಲ್ಲದ ದುಡಿಮೆಗಾರರು, ಇವರ ಸಮಗ್ರ ಚಿತ್ರವನ್ನು ಇದೊಂದರಿಂದಲೇ ನಿರೀಕ್ಷಿಸಲಾಗದು.

ಕಾದಂಬರಿಯು ಹೇಳಿದುದು ಬರಿಯ ಕಲ್ಪನೆಯಲ್ಲವೆಂಬುದಕ್ಕೆ ಆ ಪ್ರದೇಶದ ಚರಿತ್ರೆಯೇ ಪ್ರಮಾಣ. ನಿರಾಶ್ರಿತರು ತಮ್ಮನ್ನು ನೆಲೆಗೊಳಿಸಿದ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಹೋರಾಡಿದರು. ಹಿನ್ನೀರಿನ ಆಚೆ ಉಳಿದ ಊರುಗಳ ಜನರು ಸಾಗರಕ್ಕೆ ಬರಲು ಲಾಂಚನ್ನೇ ನಂಬಿಕೊಂಡಿದ್ದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆದುದು ೨೦೨೫ರ ಜುಲೈನಲ್ಲಿ. ಅಣೆಕಟ್ಟು ಮುಗಿದುದಕ್ಕೂ ಸೇತುವೆ ತೆರೆದುದಕ್ಕೂ ನಡುವೆ ಅರವತ್ತೊಂದು ವರ್ಷಗಳು. ಮುಂದಿನ ಪೀಳಿಗೆಯೆಂದರೆ ದೂರದ ಭವಿಷ್ಯತ್ತಿನವರೆಂದು ತಿಳಿಯುವವರು ಇದನ್ನು ಗಮನಿಸಬೇಕು: ಮುಳುಗಿದವರ ಮಕ್ಕಳೂ ಮೊಮ್ಮಕ್ಕಳೂ ಲಾಂಚಿಗಾಗಿ ದಡದಲ್ಲಿ ಕಾದು ನಿಂತು ಬೆಳೆದ ಪೀಳಿಗೆಗಳು.

೬. ಉಪಸಂಹಾರ

ಮೂರು ಕೃತಿಗಳನ್ನೂ ಕೂಡಿಸಿ ನೋಡಿದರೆ ಸಿದ್ಧವಾಗುವುದಿಷ್ಟು. ಶಾಸನದಲ್ಲಿ ಶಾಸ್ತ್ರವಿದೆ, ಬೆಲೆ ತೆತ್ತವರ ದನಿ ಇಲ್ಲ. ಹಾಡಿನಲ್ಲಿ ಬೆಲೆ ತೆತ್ತವಳ ದನಿ ಇದೆ, ಶಾಸ್ತ್ರ ತಪ್ಪಿದೆ. ಕಾದಂಬರಿಯಲ್ಲಿ ಶಾಸ್ತ್ರ ತಪ್ಪಿಲ್ಲ, ಆದರೂ ಬೆಲೆ ತೆರಬೇಕಾದವರು ಹಿಂದಿನಂತೆಯೇ ನಿರ್ಣಯದಲ್ಲಿ ಪಾಲಿಲ್ಲದವರು. ಆದಕಾರಣ ಯೋಗವು ಶಾಸ್ತ್ರದಿಂದ ಸಿದ್ಧಿಸಬಹುದಾದರೂ ಕ್ಷೇಮವು ಶಾಸ್ತ್ರವೊಂದರಿಂದಲೇ ಸಿದ್ಧಿಸದು. ತೆರುವವರ ಸಮ್ಮತಿಯೂ ಅವರ ಸಂತತಿಯ ರಕ್ಷಣೆಯೂ ಹದಿಮೂರನೆಯ ಸಾಧನವಾಗಿ ಸೇರಬೇಕು, ಅದಿಲ್ಲದಿರುವುದು ಏಳನೆಯ ದೋಷವೆಂದು ಎಣಿಸಬೇಕು.

೧೯೮೭ರ ಲಕ್ಷಣವನ್ನು ಉದಾಹರಿಸುವವರು ಬಹುಮಟ್ಟಿಗೆ ಅದರ ಮೊದಲ ವಾಕ್ಯದಲ್ಲೇ ನಿಲ್ಲುತ್ತಾರೆ. ಅಗತ್ಯಗಳೆಂದರೆ ಮುಖ್ಯವಾಗಿ ಲೋಕದ ಬಡವರ ಅಗತ್ಯಗಳು, ಅವುಗಳಿಗೇ ಅಗ್ರಸ್ಥಾನ ಸಲ್ಲಬೇಕೆಂದು ಆ ಆಯೋಗವು ಒಡನೆಯೇ ಹೇಳಿದೆ. ಆ ಎರಡನೆಯ ಮಾತಿಗೆ ಕನ್ನಡದಲ್ಲಿ ಭಾಷ್ಯವನ್ನು ಹುಡುಕುವುದಾದರೆ ಅದು ಪ್ರಶಸ್ತಿಗಳಲ್ಲಿ ಕಡಿಮೆ, ಹಾಡಿನಲ್ಲಿಯೂ ಕಾದಂಬರಿಯಲ್ಲಿಯೂ ಹೆಚ್ಚು. ಆದರೆ ಪ್ರಶಸ್ತಿಗಳಲ್ಲಿ ಅದು ತೀರ ಇಲ್ಲವೆಂದೂ ಹೇಳಲಾಗದು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಮಗುವಿಗೆ ಹಾಲೂಡಿಸುತ್ತಾ ಕಿವಿಯಲ್ಲಿ ಹೇಳಿದಳೆಂಬ ಬುದ್ಧಿಮಾತಿನಲ್ಲಿ ಕೆರೆ ಬಾವಿಗಳ ನಿರ್ಮಾಣವೂ ಸೆರೆಯಲ್ಲಿ ಸಿಲುಕಿದ ಅನಾಥರ ಬಿಡುಗಡೆಯೂ ನಂಬಿದವರ ರಕ್ಷಣೆಯೂ ಒಟ್ಟೊಟ್ಟಿಗೆ ಬಂದಿವೆ. ಕೆರೆಯನ್ನೂ ಅನಾಥನನ್ನೂ ಒಂದೇ ಉಸಿರಿನಲ್ಲಿ ನೆನೆದ ಆ ತಾಯಿಯ ಮಾತಿನಲ್ಲಿ ಯೋಗಕ್ಷೇಮಗಳೆರಡೂ ಕೂಡಿವೆ.

ಸಾಹಿತ್ಯವನ್ನು ಬೋಧಿಸುವವರು ಪೋರುಮಾಮಿಳ್ಳದ ಹನ್ನೆರಡು ಸಾಧನಗಳನ್ನು ಹೇಳಿದ ದಿನವೇ ಭಾಗೀರಥಿಯ ಹಾಡನ್ನೂ ಹೇಳತಕ್ಕದ್ದು. ಒಂದನ್ನು ಮಾತ್ರ ಕಲಿತ ವಿದ್ಯಾರ್ಥಿಯು ನಾಳೆ ಕಟ್ಟೆ ಕಟ್ಟಿಸುವ ಪದವಿಗೆ ಏರಿದಾಗ ನೀರಿನ ಅಳತೆಯನ್ನು ಸರಿಯಾಗಿ ನೋಡಿಯಾನು; ಆ ನೀರು ಯಾರ ಅಂಗಳದ ಮೆಟ್ಟಿಲನ್ನು ಮುಟ್ಟುತ್ತಿದೆಯೆಂಬುದನ್ನು ನೋಡುವುದಕ್ಕೆ ಅವನಿಗೆ ಎರಡನೆಯದೂ ಬೇಕು.